ನಲವತ್ತೊಂದನೆಯ ಮಣಿ

"ಗುರುಗಳೇ, ಇಷ್ಟು ಲಕ್ಷ ಮೊಬೈಲುಗಳಲ್ಲಿ ಇದು ನನ್ನದೇ ಎಂದು ಟವರಿಗೆ ಹೇಗೆ ಗೊತ್ತಾಗುತ್ತದೆ?" ಎಂದು ಶಿಷ್ಯ ಕೇಳಿದ. ಬೆಳಗಿನ ಪಾಠದಲ್ಲಿ ಅವನು ಶ್ಲೋಕದ ಒಂದು ಸಾಲನ್ನೇ ನುಂಗಿದ್ದ. ಆದರೂ ಗುರುಗಳು 'ಸರಿ' ಎಂದಿದ್ದರು. ಆ ಖುಷಿ ಮುಖದಲ್ಲಿ ಇನ್ನೂ ಇತ್ತು.

ಗುರುಗಳು ಹೇಳಿದರು: "ಸಿಮ್ಮಿನಲ್ಲಿ ಒಂದು ಗುಟ್ಟಿದೆ. ಅದೇ ಗುಟ್ಟು ಕಂಪನಿಯಲ್ಲೂ ಇದೆ. ಟವರು ಪ್ರತಿ ಸಲ ಹೊಸ ಪ್ರಶ್ನೆ ಹಾಕುತ್ತದೆ. ಸಿಮ್ಮು ಗುಟ್ಟು ಬಿಟ್ಟುಕೊಡದೆ ಉತ್ತರ ಮಾತ್ರ ಕೊಡುತ್ತದೆ. ಆದರೆ ಹಳೆಯ ಮೊಬೈಲುಗಳು ಟವರನ್ನು 'ನೀನು ಯಾರು' ಎಂದು ಕೇಳುತ್ತಿರಲಿಲ್ಲ. ಅಂಥ ಒಬ್ಬ ಓಲೆಕಾರನಿದ್ದ, ಕೇಳು."

ಆ ಓಲೆಕಾರನಿಗೆ ಕೋಟೆಯವರು ನೂರು ಮಣಿಗಳ ಸರ ಕೊಟ್ಟಿದ್ದರು. ಬಣ್ಣಗಳಿಗೆ ಕ್ರಮವಿರಲಿಲ್ಲ. ಅಂಥದೇ ಇನ್ನೊಂದು ಸರ ಕೋಟೆಯೊಳಗಿತ್ತು. ಕಾವಲುಗಾರ ಒಂದು ಸಂಖ್ಯೆ ಕೂಗುವನು. ಓಲೆಕಾರ ಮರೆಯಲ್ಲಿ ಎಣಿಸಿ ಆ ಮಣಿಯ ಬಣ್ಣ ಹೇಳುವನು. ಇಪ್ಪತ್ತು ವರ್ಷ ಹೀಗೇ ನಡೆಯಿತು. ಒಂದು ದಿನವೂ ಯಾರೂ ಅವನ ಮುಖ ನೋಡಿ ಒಳಗೆ ಬಿಡಲಿಲ್ಲ. ಅದೇ ಅವನ ಕೊರಗು.

ಒಮ್ಮೆ ಶತ್ರುಗಳು ದಂಡೆತ್ತಿ ಬಂದರು. ಅವನ ಊರಿನವರೆಲ್ಲ ಗವಿಯೊಂದರಲ್ಲಿ ಅಡಗಿದರು. ಅವನ ಹೆಂಡತಿ, ಮಗಳೂ ಅಲ್ಲೇ ಇದ್ದರು. ಸೈನ್ಯ ಕರೆತರಲು ಅವನು ಓಡಿದ. ಕೋಟೆ ಇನ್ನೂ ಒಂದು ಹರಿದಾರಿ ಇರುವಾಗಲೇ ದಾರಿಯಲ್ಲಿ ಹೊಸ ಕಾವಲು ಬಾಗಿಲೊಂದು ಕಂಡಿತು. ಕಾವಲುಗಾರನ ಉಡುಪು ಅದೇ, ಕೂಗೂ ಅದೇ: "ನಲವತ್ತೊಂದು!"

ಅವಸರದಲ್ಲಿ ಓಲೆಕಾರನ ಎಣಿಕೆ ತಪ್ಪಿತು. "ಕೆಂಪು" ಎಂದುಬಿಟ್ಟ. ಮತ್ತೆ ಎಣಿಸಿದರೆ ಹಸಿರು. ತಿದ್ದಿ ಹೇಳಲು ಬಾಯಿ ತೆರೆದ.

"ಸರಿ, ಬಾರಪ್ಪಾ ಒಳಗೆ" ಎಂದ ಕಾವಲುಗಾರ.

ಓಲೆಕಾರನ ಕಣ್ಣು ತುಂಬಿ ಬಂತು. ಅಂತೂ ಇವರು ನನ್ನ ಮುಖ ಗುರುತು ಹಿಡಿದರಲ್ಲ ಎಂದುಕೊಂಡ. ಗವಿ ಎಲ್ಲಿದೆ, ದಾರಿ ಯಾವುದು ಎಂದು ಒಂದೂ ಬಿಡದೆ ಹೇಳಿದ.

ಬಾಗಿಲು ಕಟ್ಟಿದವರು ಶತ್ರುಗಳು. ಅವರ ಹತ್ತಿರ ಜೋಡಿ ಸರ ಇರಲಿಲ್ಲ. ಅವನು ಯಾವ ಬಣ್ಣ ಹೇಳಿದ್ದರೂ ಸರಿ ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೆ ಅವನನ್ನು ಬಿಟ್ಟುಬಿಟ್ಟರು. ಮರುದಿನ ಅವನು ನಿಜವಾದ ಕೋಟೆಯ ಮುಂದೆ ನಿಂತ. ಸಂಖ್ಯೆ ಕೂಗಿದರು. ಸರಿಯಾದ ಬಣ್ಣ ಹೇಳಿದ. ಬಾಗಿಲು ತೆರೆಯಿತು. ಗವಿಯಲ್ಲಿ ಕಾಪಾಡಲು ಯಾರೂ ಉಳಿದಿರಲಿಲ್ಲ.

ಶಿಷ್ಯ ನಿಟ್ಟುಸಿರುಬಿಟ್ಟ. "ಪಾಪಿ! ತಪ್ಪು ಉತ್ತರಕ್ಕೆ ಬಾಗಿಲು ತೆರೆದಾಗಲಾದರೂ ಅನುಮಾನ ಬರಬಾರದಿತ್ತೇ?"

"ಬೆಳಿಗ್ಗೆ ನೀನು ಸಾಲು ನುಂಗಿದಾಗ ನಾನು 'ಸರಿ' ಎಂದೆನಲ್ಲ, ನಿನಗೆ ಬಂತೇ?" ಎಂದರು ಗುರುಗಳು.