ಇಲ್ಲದ ಬಾಗಿಲಿನ ಕಾವಲುಗಲ್ಲು

ಕೇಳ್ರಪ್ಪಾ ಕೇಳಿ. ಒಂದಾನೊಂದು ಊರಿತ್ತು, ಜಪಾನ್ ದೇಶದ ಬೆಟ್ಟವೊಂದರ ಬುಡದಲ್ಲಿ. ಅಲ್ಲಿ ಒತಾಮಿ ಅಂತ ಒಬ್ಬ ಹೆಂಗಸು. ಅವಳ ಗಂಡ ಗೊಸುಕೆ ಮಹಾ ಮರ್ಯಾದಸ್ಥ. ಚಪ್ಪಲಿ ಬಿಡದೆ ಯಾರ ಮನೆಯೊಳಗೂ ಕಾಲಿಟ್ಟವನಲ್ಲ. ಒಂದು ದಿನ "ಬೆಟ್ಟದ ಮೇಲಿನ ಹಾಳು ಕೋಟೆ ನೋಡಿಕೊಂಡು ಊಟದ ಹೊತ್ತಿಗೆ ಬಂದೆ" ಅಂತ ಹೋದವನು ಮೂರು ದಿನವಾದರೂ ಬರಲಿಲ್ಲ.

ಒತಾಮಿಗೆ ಜೀವ ಬಾಯಿಗೆ ಬಂತು. ಅನ್ನದ ಉಂಡೆ ಕಟ್ಟಿಕೊಂಡು ಬೆಟ್ಟ ಹತ್ತಿದಳು. ಹತ್ತಿದಳು, ಹತ್ತಿದಳು, ಹತ್ತಿ ನೋಡಿದರೆ ಕೋಟೆಯೇ ಇಲ್ಲ! ಗೋಡೆ ಇಲ್ಲ, ಮಾಡು ಇಲ್ಲ, ಬಾಗಿಲಂತೂ ಇಲ್ಲವೇ ಇಲ್ಲ. ಸೊಂಟದೆತ್ತರದ ಹುಲ್ಲು, ನೆಟ್ಟಗೆ ನಿಂತ ಒಂದು ಕಲ್ಲು. ಕಲ್ಲಿನ ಮುಂದೆ ಗಂಡನ ಹುಲ್ಲಿನ ಚಪ್ಪಲಿ, ಅಚ್ಚುಕಟ್ಟಾಗಿ ಜೋಡಿಸಿಟ್ಟಿದೆ. ನಾಲ್ಕು ಹೆಜ್ಜೆ ಆಚೆ ಗಂಡ ಬರಿಗಾಲಲ್ಲಿ ನಿಂತಿದ್ದಾನೆ.

"ರೀ, ಬನ್ರೀ ಈಚೆ!"

"ಹೇಗೆ ಬರಲೇ? ಬಾಗಿಲು ಹಾಕಿದೆ."

"ಯಾವ ಬಾಗಿಲು?"

ಆಗ ಕಲ್ಲು ಗಂಟಲು ಸರಿಮಾಡಿಕೊಂಡಿತು. "ತಾಯಿ, ನಾನು ಹೆಬ್ಬಾಗಿಲ ಕಾವಲುಗಲ್ಲು. ಬಾಗಿಲು ಸುಟ್ಟುಹೋಗಿ ನಾನೂರು ವರ್ಷ ಆಯ್ತು."

"ಮತ್ತೆ ನಮ್ಮ ಯಜಮಾನರನ್ನ ಕಳಿಸಿಕೊಡಪ್ಪ."

"ಆಗಲ್ಲ. ಇಲ್ಲಿ ಚಪ್ಪಲಿ ಇದೆ ನೋಡು. ಬಾಗಿಲಿಲ್ಲದ ಕಡೆ ಯಾರಾದರೂ ಚಪ್ಪಲಿ ಬಿಡ್ತಾರಾ? ಚಪ್ಪಲಿ ಇದೆ ಅಂದಮೇಲೆ ಬಾಗಿಲಿದೆ. ಬಾಗಿಲಿದೆ ಅಂದಮೇಲೆ ಬೀಗ ಇದೆ. ಬೀಗದ ಕೈ ರಾಜನ ಹತ್ತಿರ ಇದೆ. ರಾಜ ಸತ್ತ."

ಅಷ್ಟರಲ್ಲಿ ನರಿಯೊಂದು ಇಬ್ಬರ ನಡುವೆ ಹಾದು ಒಳಗೆ ಹೋಯಿತು, ಹೊರಗೆ ಬಂತು.

"ಅದು ಹೇಗೆ ಬಂತು?"

"ಅದಕ್ಕೆ ಚಪ್ಪಲಿ ಎಲ್ಲಿದೆ ತಾಯಿ?"

ಗೊಸುಕೆ "ಇಲ್ಲೇ ಮುದುಕನಾಗ್ತೀನಿ ಕಣೇ" ಅಂತ ಅಳತೊಡಗಿದ. ಒತಾಮಿಗೂ ಅಳು ಬಂತು. ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಎರಡೂ ಚಪ್ಪಲಿ ಎತ್ತಿ ಅವನತ್ತ ಬೀಸಿ ಒಗೆದಳು.

"ಮೆಟ್ಕೊಳ್ಳಿ!"

"ಒಳಗೆ ಚಪ್ಪಲಿಯಾ? ಛೆ ಛೆ!"

"ಮೆಟ್ಕೊಳ್ರೀ ಅಂದೆ!"

ಹೆಂಡತಿ ಎರಡು ಸಲ ಹೇಳಿದರೆ ಯಾರು ತಾನೇ ಮೆಟ್ಟಿಕೊಳ್ಳುವುದಿಲ್ಲ? ಗೊಸುಕೆ ಮೆಟ್ಟಿಕೊಂಡ. ಕಲ್ಲು ತನ್ನ ಮುಂದೆ ನೋಡಿತು. ಚಪ್ಪಲಿ ಇಲ್ಲ. ಚಪ್ಪಲಿ ಇಲ್ಲ ಅಂದಮೇಲೆ ಬಾಗಿಲಿಲ್ಲ. ಬಾಗಿಲಿಲ್ಲ ಅಂದಮೇಲೆ ಬೀಗವಿಲ್ಲ, ಒಳಗೂ ಇಲ್ಲ, ಹೊರಗೂ ಇಲ್ಲ. ಗೊಸುಕೆ ನಾಲ್ಕು ಹೆಜ್ಜೆ ನಡೆದು ಬಂದ. ಒತಾಮಿಗೆ ಹೋದ ಜೀವ ಬಂದಂತಾಯಿತು.

"ತಾಯಿ," ಕಲ್ಲು ಮೆಲ್ಲಗೆ ಕೇಳಿತು, "ಬಾಗಿಲೇ ಇಲ್ಲ ಅಂದಮೇಲೆ ನಾನು ಕೂತ್ಕೋಬಹುದಾ? ನಾನೂರು ವರ್ಷದಿಂದ ನಿಂತೇ ಇದೀನಿ."

"ಕೂತ್ಕೋಪ್ಪಾ, ಯಾರು ಬೇಡ ಅಂದ್ರು?"

ಕಲ್ಲು ಧೊಪ್ಪನೆ ಕೂತಿತು. "ಉಸ್ಸಪ್ಪಾ!" ಅಂದದ್ದು ಕೆಳಗಿನ ಊರಿಗೂ ಕೇಳಿಸಿತು. ಮೂವರೂ ಅನ್ನದ ಉಂಡೆ ಹಂಚಿಕೊಂಡು ತಿಂದರು.

ಮನೆಗೆ ಬಂದ ಗೊಸುಕೆ ಬಾಗಿಲನ್ನು ಮೂರು ಸಲ ತಟ್ಟಿ ನೋಡಿ ಆಮೇಲೆ ಚಪ್ಪಲಿ ಬಿಟ್ಟ. ಇದರ ನೀತಿ ಏನಪ್ಪಾ ಅಂದರೆ, ಮರ್ಯಾದೆ ಇರಲಿ, ಮೊದಲು ಬಾಗಿಲಿದೆಯಾ ನೋಡಿ. ಗಂಡ ಹೆಂಡತಿ ಅಲ್ಲಿ ಸುಖವಾಗಿದ್ದಾರೆ, ಕಲ್ಲು ಇನ್ನೂ ಕೂತೇ ಇದೆ. ನೀವು ಏಳಿ, ನಿಮ್ಮ ನಿಮ್ಮ ಚಪ್ಪಲಿ ಹುಡುಕಿಕೊಳ್ಳಿ.