ಹೆಸರು ಕೊರೆದ ತಟ್ಟೆ

“ಗುರುಗಳೇ, ಒಂದು ಕೆಲಸಕ್ಕೆ ಜನ ಒದಗುತ್ತಾರೋ ಇಲ್ಲವೋ ಎಂದು ಕೆಲಸ ಹಿಡಿಯುವ ಮೊದಲೇ ತಿಳಿಯುವುದು ಹೇಗೆ?”

ಶಿಷ್ಯ ಮಠದ ಪಾಠಶಾಲೆಗೆ ಹೊಸ ಸೂರು ಹೊದಿಸಲು ಹೊರಟಿದ್ದ. ಅಲ್ಲಿ ಓದಿ ಹೋದವರಿಗೆಲ್ಲ ಪತ್ರ ಬರೆದಿದ್ದ. ಉತ್ತರ ಬಂದದ್ದು ಮೂವರಿಂದ. ಗುರುಗಳು ನಕ್ಕು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯವಿತ್ತು. ಶಾಲೆಯಿಲ್ಲದ ಹಳ್ಳಿಗಳ ಮಕ್ಕಳು ಅಲ್ಲಿ ಉಂಡು, ಮಲಗಿ, ಓದುತ್ತಿದ್ದರು. ಅಲ್ಲೊಂದು ರೂಢಿ. ಕೈಲಾದ ಹುಡುಗಿ ತನ್ನ ಹೆಸರು ಕೊರೆಸಿದ ತಟ್ಟೆ ತರುತ್ತಿದ್ದಳು. ಓದು ಮುಗಿಸಿ ಹೋಗುವಾಗ ಅದನ್ನು ಅಲ್ಲೇ ಬಿಟ್ಟುಹೋಗುತ್ತಿದ್ದಳು. ಮುಂದೆ ಬರುವ ಬಡವರ ಮಗು ಅದರಲ್ಲಿ ಉಣ್ಣಲಿ ಎಂದು.

ಕಾಲ ಸರಿದು ಆ ಮನೆಯ ಗೋಡೆ ಬಿರುಕು ಬಿಟ್ಟಿತು. ಕಾರ್ತಿಕದಲ್ಲಿ ನಿಲಯ ನಡೆಸುವ ಹಿರಿಯರು ಮೇಲ್ವಿಚಾರಕಿಯನ್ನು ಕರೆದು, “ಹಳೆಯ ವಿದ್ಯಾರ್ಥಿನಿಯರು ಒದಗಿದರೆ ದುರಸ್ತಿ ಮಾಡೋಣ. ಇಲ್ಲವಾದರೆ ಯುಗಾದಿಗೆ ಬಾಗಿಲು ಹಾಕಿ, ಮಕ್ಕಳನ್ನು ಊರಿಗೆ ಕಳಿಸಿಬಿಡಿ,” ಎಂದರು. ಊರಿಗೆ ಹೋದ ಮಗು ಮತ್ತೆ ಪುಸ್ತಕ ಹಿಡಿಯದು ಎಂದು ಆಕೆಗೆ ಗೊತ್ತಿತ್ತು.

ಆಕೆ ಎಲ್ಲರಿಗೂ ಕಾಗದ ಬರೆದಳು: ‘ನಿಮ್ಮ ಬೆಂಬಲ ಉಂಟೇ? ಹೌದು, ಇಲ್ಲ, ಒಂದಕ್ಕೆ ಗುರುತು ಹಾಕಿ.’ ತಿಂಗಳು ಕಾದಳು. ಟಪಾಲಿನವನು ದಿನವೂ ಬಾಗಿಲ ಮುಂದೆ ಸುಮ್ಮನೆ ಹಾದುಹೋದ.

ಅಡುಗೆಯ ಮುದುಕಿ ಇದನ್ನೆಲ್ಲ ನೋಡುತ್ತಿದ್ದಳು. “ಅಮ್ಮಾ, ಮಗಳನ್ನ ತವರಿಗೆ ಬಾ ಅಂತಾರೋ, ಗುರುತು ಹಾಕು ಅಂತಾರೋ? ‘ನಿನ್ನ ತಟ್ಟೆ ಇಲ್ಲೇ ಇದೆ, ಭಾನುವಾರ ಊಟಕ್ಕೆ ಬಾ’ ಅಂತ ಬರೀರಿ. ಆಮೇಲೆ ನೋಡಿ.”

“ಯಾರೂ ಬರದಿದ್ದರೆ?”

“ಮಾಡಿದ ಹುಗ್ಗೀನ ನಾನೊಬ್ಬಳೇ ತಿಂತೀನಿ, ಬಿಡಿ!”

ಮೇಲ್ವಿಚಾರಕಿ ಹಾಗೆಯೇ ಬರೆದಳು. ಭಾನುವಾರ ಬೆಳಗಿನ ಬಸ್ಸಿನಿಂದ ಒಬ್ಬಳು ಇಳಿದಳು. ಮುಂದಿನ ಬಸ್ಸಿಗೆ ಏಳು ಮಂದಿ. ಮಧ್ಯಾಹ್ನಕ್ಕೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ದೇವರ ದಯೆ, ಬೇರೇನು? “ಏ ಗೌರಾಂಬ, ಈಗಲೂ ಗೊರಕೆ ಹೊಡೀತೀಯೇನೇ?” ಎಂಬ ಕೂಗು, ಅದರ ಹಿಂದೆ ನಗು. ಎಲ್ಲರೂ ತಮ್ಮ ತಮ್ಮ ತಟ್ಟೆ ಹುಡುಕುತ್ತ ಊಟದ ಮನೆಗೆ ನುಗ್ಗಿದರು.

ತಟ್ಟೆಗಳು ಸಾಲಾಗಿದ್ದವು. ಆದರೆ ಖಾಲಿಯಿರಲಿಲ್ಲ. ಒಂದೊಂದರ ಮುಂದೆಯೂ ಒಬ್ಬೊಬ್ಬ ಹುಡುಗಿ ಕೂತು ಉಣ್ಣುತ್ತಿದ್ದಳು.

ಮೊದಲ ಬಸ್ಸಿಗೆ ಬಂದವಳು ತನ್ನ ಹೆಸರಿನ ತಟ್ಟೆಯ ಮುಂದೆ ಕುಕ್ಕರಿಸಿದಳು. ಉಣ್ಣುತ್ತಿದ್ದ ಹುಡುಗಿ ಗಾಬರಿಯಿಂದ ಕೈ ತೆಗೆದಳು.

“ಇದು ನಿಮ್ಮದಾ ಅಕ್ಕಾ? ಈಗಲೇ ತೊಳೆದು ಕೊಡ್ತೀನಿ.”

“ಉಣ್ಣು ಕೂಸೇ, ಉಣ್ಣು. ನೀನು ಮಲಗೋದೆಲ್ಲಿ, ಅದನ್ನ ಹೇಳು.”

ಹುಡುಗಿ ಬಿರುಕು ಬಿಟ್ಟ ಗೋಡೆಯನ್ನು ತೋರಿಸಿದಳು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. “ನಮ್ಮ ಭಟ್ಟಿಯ ಇಟ್ಟಿಗೆ ನಾಳೆಯೇ ಬರುತ್ತೆ!” “ಗಾರೆಯವರು ನಮ್ಮೂರಿನಿಂದ!” ಎಂದಳು ಇನ್ನೊಬ್ಬಳು. ಮೂರನೆಯವಳು ಮಾತಿಗೆ ಸರದಿ ಸಿಗದೆ ಬೆಂಚು ಹತ್ತಿ ನಿಂತು ಕೂಗಿದಳು. ಯುಗಾದಿಯ ದಿನ ಬಾಗಿಲು ಮುಚ್ಚಲಿಲ್ಲ. ಹೊಸ ಬಾಗಿಲಿಗೆ ತೋರಣ ಕಟ್ಟಿದರು.

ಶಿಷ್ಯನ ಮುಖ ಅರಳಿತು. “ಹಾಗಾದರೆ ನಾನೂ ನಾಳೆಯೇ ಎಲ್ಲರನ್ನೂ ಊಟಕ್ಕೆ ಕರೆಯುತ್ತೇನೆ, ಗುರುಗಳೇ!”

“ಕರೆಯಪ್ಪ. ಅದಕ್ಕೆ ಮೊದಲು, ಆ ಸೂರಿನ ಕೆಳಗೆ ಈಗ ಓದುತ್ತಿರುವ ಮಕ್ಕಳಲ್ಲಿ ಒಬ್ಬನ ಹೆಸರು ಹೇಳು.”