ಬುಲೆಟ್ಟಿನ ಕಿವಿ

ಕೊಳ್ಳೇಗಾಲದ ಸಾಹುಕಾರ ರಾಚಪ್ಪನವರು ತಮ್ಮ ಹೊಸ ಬುಲೆಟ್ಟಿಗೆಂದು ಎರಡು ಚರ್ಮದ ಚೀಲ ತಂದರು. ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ ಒಂದೊಂದು ತೂಗುಹಾಕಬೇಕು. ವೆಲ್ಡಿಂಗ್ ಅಂಗಡಿ ಚೆಲುವಯ್ಯ ಅಳತೆ ಹಿಡಿದು ಬ್ರಾಕೆಟ್ ಮಾಡಿಟ್ಟ. ಬೋಲ್ಟ್ ಹಾಕಲು ಮಡ್‌ಗಾರ್ಡಿಗೆ ಆಚೆಗೊಂದು, ಈಚೆಗೊಂದು ತೂತು ಕೊರೆಯಬೇಕು ಎಂದ. ಅಷ್ಟಕ್ಕೇ ಸಾಹುಕಾರರು ಕೆಂಡವಾದರು.

“ತೂತಾ? ಇದು ಗಾಡಿ ಅಲ್ಲ ಕಣಯ್ಯ, ನನ್ನ ಮಗಳು! ಮೈಗೆ ಸೂಜಿಮೊನೆ ತಾಗಕೂಡದು. ಚೀಲವೂ ಅಲ್ಲಾಡಕೂಡದು. ನಾಳೆಗೆ ಆಗದಿದ್ದರೆ ಅಂಗಡಿ ಖಾಲಿ ಮಾಡು!”

ಅಂಗಡಿಯ ಜಾಗ ಅವರದೇ.

ಮಾರನೆಯ ದಿನ ಬಂದು ನೋಡಿದರೆ ಬುಲೆಟ್ಟಿಗೆ ಅರಿಶಿನ ಕುಂಕುಮ, ಹ್ಯಾಂಡಲ್ಲಿಗೆ ಹೂವು. ಪಕ್ಕದ ತಟ್ಟೆಯಲ್ಲಿ ಎಲೆ ಅಡಿಕೆ, ಅಳುವ ಮಗುವಿನ ಬಾಯಿಗೆಂದು ಬೆಲ್ಲ. ಬೀದಿಯ ಹೆಂಗಸರೆಲ್ಲ ಸೇರಿದ್ದಾರೆ.

“ಏನಯ್ಯ ಇದು?”

“ನಿಮ್ಮ ಮಗಳಿಗೆ ಕಿವಿ ಚುಚ್ಚೋ ಶಾಸ್ತ್ರ ಯಜಮಾನ್ರೇ. ಇಷ್ಟು ದೊಡ್ಡ ಓಲೆ ತಂದಿದ್ದೀರಿ. ಕಿವಿ ಚುಚ್ಚದೆ ಓಲೆ ಹಾಕಿದವರುಂಟಾ?”

“ಹೌದಲ್ವಾ,” ಎಂದಳು ಹೂ ಮಾರುವ ನಂಜಮ್ಮ. “ಹೆಣ್ಣುಮಗೂನ ಬೋಳು ಕಿವೀಲಿ ಬಿಡ್ತಾರಾ?”

ರಾಚಪ್ಪನವರು ಬುಲೆಟ್ಟಿನ ಸೀಟು ಸವರಿದರು. ಮಗಳಲ್ಲ, ಬರೀ ಗಾಡಿ ಎನ್ನೋಣವೆಂದರೆ, ಬರೀ ಗಾಡಿಗೆ ತೂತು ಕೊರೆಯಲು ಅಡ್ಡಿಯೇನು?

“ಚುಚ್ಚು. ಮೆಲ್ಲಗೆ ಚುಚ್ಚು,” ಎಂದು ಮುಖ ಆಚೆ ತಿರುಗಿಸಿದರು. ಡ್ರಿಲ್ ಗುರ್ರೆಂದಿತು. ಅವರ ಕಣ್ಣಲ್ಲಿ ನೀರಾಡಿತು.

ಬೋಲ್ಟ್ ಬಿಗಿದ ಚೆಲುವಯ್ಯ ಬೆಲ್ಲದ ಚೂರು ತಂದು ಅವರ ಕೈಗಿಟ್ಟ.

“ಮಗು ಅಳಲಿಲ್ಲ ಯಜಮಾನ್ರೇ. ನೀವೇ ತಿನ್ನಿ.”